ಮುಚ್ಚಿದ ಬಾಗಿಲಾಚೆಯ ಪೈಲಟ್

ತಿಪಟೂರಿನ ಕೊಬ್ಬರಿ ವ್ಯಾಪಾರಿ ಮರುಳಪ್ಪ ವಯಸ್ಸಿನಲ್ಲಿದ್ದಾಗ ಒಮ್ಮೆ ದೆಹಲಿಗೆ ವಿಮಾನದಲ್ಲಿ ಹೋಗಿದ್ದರು. ಆಗ ಪೈಲಟ್ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಮೂವರು ಕೂತದ್ದು ಕಾಣುತ್ತಿತ್ತು. ಈ ವರ್ಷ ಮೊಮ್ಮಗಳು ಜೀವಿತಾಳೊಂದಿಗೆ ಕಾಶಿಗೆ ಹೊರಟಾಗ ಆ ಬಾಗಿಲು ಭದ್ರವಾಗಿ ಮುಚ್ಚಿತ್ತು.

"ಒಳಗೆ ಎಷ್ಟು ಜನ ಅವ್ರೆ ಮಗಾ?"

"ಇಬ್ಬರೇ ತಾತ. ಇನ್ನು ಕೆಲವು ವರ್ಷಕ್ಕೆ ಒಬ್ಬರೇ ಸಾಕಂತೆ. ಆಮೇಲೆ ಯಾರೂ ಬೇಡ್ವಂತೆ, ಕಂಪ್ಯೂಟರೇ ಓಡ್ಸುತ್ತಂತೆ."

ಅಷ್ಟರಲ್ಲಿ ಮೋಡದೊಳಗೆ ವಿಮಾನ ಧೊಪ್ಪನೆ ಕುಸಿಯಿತು. ಯಾರೋ ಕಿರುಚಿದರು. ಮರುಳಪ್ಪನವರು ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದು ಆ ಬಾಗಿಲನ್ನೇ ನೋಡುತ್ತ ಕೂತರು. ಅದರಾಚೆ ಖಾಲಿ ಕುರ್ಚಿಗಳಷ್ಟೇ ಇದ್ದರೆ?

ವಿಮಾನ ಇಳಿದು ನಿಂತ ಮೇಲೂ ಅವರು ಸೀಟು ಬಿಟ್ಟೇಳಲಿಲ್ಲ. ಕೊನೆಗೆ ಪೈಲಟ್ ಹೊರಬಂದ. ಕರವಸ್ತ್ರದಿಂದ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ.

"ನೋಡವ್ವಾ, ಅವ್ನಿಗೂ ಜೀವದ ಮೇಲೆ ಆಸೆ ಐತೆ, ಅದಕ್ಕೇ ನಮ್ಮನ್ನೂ ಉಳಿಸ್ದ. ಹೆದರಿಕೆನೇ ಇಲ್ಲದ ಯಂತ್ರದ ಕೈಗೆ ಜೀವ ಹೆಂಗೆ ಕೊಡೋದು?" ಎಂದರು ಮರುಳಪ್ಪ.

ಕಾಶಿಯಿಂದ ಹೊರಡುವಾಗ ಜೀವಿತಾ ಎಷ್ಟು ಹೇಳಿದರೂ, "ಈ ಸಲ ಬಾಗ್ಲ ಹಿಂದೆ ಮನುಷ್ಯರು ಅವ್ರೋ ಇಲ್ವೋ ಯಾರಿಗೆ ಗೊತ್ತು?" ಎಂದು ತಾತ ವಿಮಾನ ಹತ್ತಲು ಒಪ್ಪಲಿಲ್ಲ. ಇಬ್ಬರೂ ರೈಲಿನಲ್ಲೇ ಊರಿಗೆ ಬಂದರು.