ಮಾವ ಹೊಲಿದ ಕಾದಂಬರಿ

ಕೆಲವು ವಿವರ ತಪ್ಪಾಗಿ ನೆನಪಿದ್ದೀತು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಆ ಕಾದಂಬರಿಯ ಬಿಡಿ ಹಾಳೆಗಳು ನನ್ನ ಕೈಯಿಂದಲೇ ಜಾರಿ ಬಿದ್ದವೇ, ಅಥವಾ ಹಾಗೆ ಬಿದ್ದವೆಂದು ಆಮೇಲೆ ನಾನೇ ಅಂದುಕೊಂಡೆನೇ, ಹೇಳಲಾರೆ.

ತೊಂಬತ್ತರ ದಶಕದ ಕೊನೆ. ಇಂಗ್ಲಿಷ್ ಎಂ.ಎ. ಓದುತ್ತಿದ್ದೆ. ಮಹಾಯುದ್ಧದ ನಂತರ ಕಾದಂಬರಿಯ ಕಟ್ಟುಪಾಡುಗಳನ್ನು ಮುರಿದ ಫ್ರೆಂಚ್ ಲೇಖಕನೊಬ್ಬನ ಪುಸ್ತಕ, ಇಂಗ್ಲಿಷ್ ಅನುವಾದ, ಮೈಸೂರಿನ ಹಳೆ ಪುಸ್ತಕದಂಗಡಿಯಲ್ಲಿ ಸಿಕ್ಕಿತ್ತು. ಬೆನ್ನು ಕಿತ್ತುಹೋಗಿತ್ತು. ನರಸೀಪುರದ ಸೋದರಮಾವ ಮೇಷ್ಟ್ರು. ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿಟ್ಟು, ಬೇಸಿಗೆ ರಜೆಯಲ್ಲಿ ಮೈದಾ ಅಂಟು ಹಚ್ಚಿ ಪುಸ್ತಕ ಹೊಲಿಯುತ್ತಿದ್ದರು. ಅವರಿಗೇ ಕೊಟ್ಟೆ. ಅಂಚು ಸಮ ಮಾಡುವಾಗ ಪುಟಸಂಖ್ಯೆಗಳೂ ಕತ್ತರಿಸಿ ಹೋದವು.

ಮೂರನೇ ಪುಟದಲ್ಲಿ ಸತ್ತ ಹೆಂಗಸು ಎಷ್ಟೋ ಪುಟಗಳಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಪುಟದ ತುದಿಯಲ್ಲಿ ವಾಕ್ಯ ತುಂಡಾದದ್ದನ್ನೂ ಪ್ರಯೋಗವೆಂದೇ ಓದಿಕೊಂಡೆ. ಕಾಲವನ್ನು ಹೀಗೂ ಒಡೆಯಬಹುದೇ ಎಂದು ಬೆರಗಾಗಿ ಸೆಮಿನಾರಿನಲ್ಲಿ ಪ್ರಬಂಧ ಓದಿದೆ. ಚಪ್ಪಾಳೆ ಬಿತ್ತು. ಸಾಹಿತ್ಯವೇ ನನ್ನ ದಾರಿ ಅಂದುಕೊಂಡದ್ದು ಅವತ್ತು.

ಆರೇಳು ವರ್ಷದ ಮೇಲೆ, ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿನಿಯೊಬ್ಬಳು ಆ ಫ್ರೆಂಚ್ ಲೇಖಕನ ಹೆಸರು ಹೇಳಿ ಕೇಳಿದಳು: "ಮೇಡಂ, ಈ ಲೇಖಕನ್ನ ಎಲ್ಲಿಂದ ಶುರು ಮಾಡ್ಲಿ?" ಅದೇ ಕಾದಂಬರಿಯಿಂದ ಎಂದೆ. ಅವಳಿಗೆಂದು ಹೊಸ ಪ್ರತಿ ತರಿಸಿ ತೆರೆದರೆ, ಹೆಂಗಸು ಸಾಯುವುದು ಕೊನೆಯಲ್ಲಿ. ಕಾಲ ನೆಟ್ಟಗೆ ನಡೆಯುತ್ತದೆ. ಲೇಖಕನ ಪ್ರಯೋಗವೆಲ್ಲ ಇದ್ದದ್ದು ಬೇರೆ ಕಡೆ, ಮೇಜು, ಕಿಟಕಿ, ಲೋಟಗಳನ್ನು ಅವನು ಬಿಡದೆ ನೋಡುವುದರಲ್ಲಿ. ಚೆನ್ನಾಗಿಯೇ ಇತ್ತು. ಆದರೆ ನನ್ನನ್ನು ಹಿಡಿದದ್ದು ಅದಲ್ಲ.

ಹಾಗಾದರೆ ಹಿಡಿದದ್ದು ಯಾರು? ಅವಳಿಗೆ ಯಾವ ಪ್ರತಿ ಕೊಡಲಿ? ಎರಡನ್ನೂ ಚೀಲಕ್ಕೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಕತೆ ಕೇಳಿ ಅತ್ತೆ ಬಿದ್ದು ಬಿದ್ದು ನಕ್ಕರು. "ನಿಮ್ಮಾವನ ಕೈಗೆ ಕೊಟ್ಟಿದ್ದೇ ತಪ್ಪು ಕಣವ್ವ. ನನ್ನ ಧಾರಾವಾಹಿ ಹೊಲಿದಾಗ ಮದ್ವೆಗೆ ಮುಂಚೆ ನಾಮಕರಣ ಆಗಿತ್ತು!"

"ಅದ್ಕೇ ಅಲ್ವಾ ನೀನು ಎರಡು ಸಲ ಓದಿದ್ದು?" ಎಂದರು ಮಾವ, ಸೂಜಿಯ ಕಣ್ಣಿಗೆ ದಾರ ಹಿಡಿದು.

ನನ್ನ ನಗು ನಿಂತಿತು. ಮಾವ ದಿನವೂ ಇಂಗ್ಲಿಷ್ ಪೇಪರು ಓದುವವರು. ಕೇಳಿಯೇಬಿಟ್ಟೆ. ಅವರು ಕಾಫಿ ಲೋಟವನ್ನು ನನ್ನ ಕಡೆ ಸರಿಸಿ, ಆರಿ ಹೋಗ್ತದೆ ಕುಡಿ ಎಂದರು, ಅಷ್ಟೆ. ಹೊಸ ಪ್ರತಿ, ಹೊಲಿದ ಪ್ರತಿ ಎರಡೂ ನನ್ನ ಮೇಜಿನ ಮೇಲೇ ಉಳಿದಿವೆ. ಆ ಹುಡುಗಿ ಆಮೇಲೆ ಕೇಳಲಿಲ್ಲ. ನಾನಿನ್ನೂ ಕೇಳುತ್ತಿದ್ದೇನೆ:

"ಮಾವ, ಹೊಲಿಯೋಕೆ ಮುಂಚೆ ನೀವದನ್ನ ಓದಿದ್ರಾ?"