ಗೌರಿಯ ಮೀನಿನ ಡಬ್ಬಿ

ನಮ್ಮ ಮನೆಯ ಬೆಕ್ಕು ನನಗಿಂತ ದುಬಾರಿ ಊಟ ಮಾಡುತ್ತದೆ ಎಂಬುದನ್ನು ನಾನು ಅಫಜಲಪುರದಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಲೆ ಹೇಳಿದರೆ ಊಟ ಎಂಥದ್ದೆಂದೂ ಹೇಳಬೇಕಾಗುತ್ತದೆ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದ ಅವ್ವನ ಮನೆಯಲ್ಲಿ ಬೆಕ್ಕು ಮೀನು ತಿನ್ನುತ್ತದೆ, ಅದೂ ಡಬ್ಬಿಯ ಮೀನು, ಎಂದು ಯಾವ ಬಾಯಿಂದ ಹೇಳಲಿ?

ಗೌರಿ ಜೋಳದ ಚೀಲ ಕಾಯಲೆಂದು ಬಂದ ಬೆಕ್ಕು. ಹರೆಯದಲ್ಲಿ ಇಲಿಗಳ ವ್ಯವಸ್ಥೆಯನ್ನು ತಾನೇ ನೋಡಿಕೊಂಡಿತು. ಹಿಡಿದ ಇಲಿಯನ್ನು ಏನು ಮಾಡಿತೆಂದು ಅವ್ವ ಕೇಳಲಿಲ್ಲ, ಅದೂ ಹೇಳಲಿಲ್ಲ. ಹಲ್ಲು ಉದುರಿದ ಮೇಲೆ ಹಾಲು-ರೊಟ್ಟಿಯಲ್ಲೇ ಕಾಲ ಕಳೆಯಿತು. ಆಮೇಲೆ ಕಣ್ಣು ಮಂಕಾಗಿ ಬಾಗಿಲಿಗೆ ಹಾಯತೊಡಗಿದಾಗ ದನದ ಡಾಕ್ಟರಿಗೆ ತೋರಿಸಿದೆ. ಬೆಕ್ಕಿಗೆ ಮೀನು-ಮಾಂಸ ಬೇಕೇ ಬೇಕು, ಇಲ್ಲದಿದ್ದರೆ ಪೂರಾ ಕುರುಡಾಗುತ್ತದೆ ಎಂದರು ಅವರು. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಗೊತ್ತಿದ್ದ ವಿಷಯವೇ. ಮನೆಯಲ್ಲಿ ಹೇಳುವ ಧೈರ್ಯವಿರಲಿಲ್ಲ.

ಡಾಕ್ಟರ ಮಾತನ್ನೇ ಅವ್ವನಿಗೆ ಮುಟ್ಟಿಸಿದೆ. ಮರುದಿನ ಆಕೆ ತನ್ನ ಷರತ್ತು ಹೇಳಿದಳು. ಮೀನು ಬರಲಿ, ಆದರೆ ಬಂದದ್ದು ಓಣಿಗೆ ತಿಳಿಯಬಾರದು. ಹೀಗಾಗಿ ಕೊರಿಯರ್‌ನಲ್ಲಿ ಡಬ್ಬಿ ತರಿಸತೊಡಗಿದೆ. ಡಬ್ಬಿಯ ಸುತ್ತ ಕಾಗದ, ಕಾಗದದ ಮೇಲೆ ಬಾಯಿ ತೆರೆದ ಮೀನಿನ ಚಿತ್ರ. ಪೆಟ್ಟಿಗೆ ಬಂದ ಕೂಡಲೇ ಅವ್ವ ಕಾಗದವನ್ನೆಲ್ಲ ಸುಲಿದು ಬಚ್ಚಲ ಒಲೆಗೆ ಹಾಕುತ್ತಿದ್ದಳು. ಬೆತ್ತಲೆ ಡಬ್ಬಿಗಳು ಹಿತ್ತಲ ಗೂಡಿನಲ್ಲಿ ಸಾಲಾಗಿ ಸಭ್ಯವಾಗಿ ಕೂರುತ್ತಿದ್ದವು. ಚಿತ್ರ ಹೋದರೆ ಮೀನೂ ಹೋದಂತೆ ಎಂಬುದು ಆಕೆಯ ಲೆಕ್ಕ. ಅದು ನನಗೂ ಅನುಕೂಲವಾಗಿಯೇ ಇತ್ತು.

ಮೊನ್ನೆ ಗೌರಿಯ ನಾಷ್ಟಾ ಮುಗಿದ ಹೊತ್ತಿಗೆ ಡಬ್ಬಿ ಮಾರಿದ ಅಂಗಡಿಯಿಂದ ಮೊಬೈಲಿಗೊಂದು ಸಂದೇಶ ಬಂತು. ಕೆಲವು ಡಬ್ಬಿಗಳಲ್ಲಿ ವಿಷದ ಕ್ರಿಮಿ ಸೇರಿರುವ ಸಂಶಯವಿದೆ, ಇಂಥಿಂಥ ನಂಬರಿನವನ್ನು ತಿನ್ನಿಸಬೇಡಿ, ಕಂಪನಿ ವಾಪಸು ಪಡೆಯುತ್ತದೆ, ನಂಬರು ಡಬ್ಬಿಯ ಸುತ್ತಲಿನ ಕಾಗದದ ಮೇಲಿದೆ. ಕಾಗದವಂತೂ ನಮ್ಮ ಸ್ನಾನದ ನೀರು ಕಾಯಿಸಿ ಬೂದಿಯಾಗಿತ್ತು.

ನಾನು ಖಾಲಿ ಡಬ್ಬಿಯನ್ನು ಮೂಸಿ ನೋಡಿದೆ. ಇಷ್ಟು ವರ್ಷ ಮಕ್ಕಳಿಗೆ ಕ್ರಿಮಿಗಳ ಪಾಠ ಹೇಳಿದವನಿಗೆ ಆ ಗಳಿಗೆಯಲ್ಲಿ ಹೊಳೆದ ಪ್ರಯೋಗ ಅದೊಂದೇ. ಡಾಕ್ಟರಿಗೆ ಫೋನು ಮಾಡಿದರೆ, ಸಂಜೆಯವರೆಗೆ ನೋಡಿ, ವಾಂತಿಯಾದರೆ ಕರೆತನ್ನಿ ಎಂದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅವ್ವ ಗೌರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತಳು. ಮೀನು ತಿಂದ ಬಾಯನ್ನು ತನ್ನ ಸೆರಗಿನಿಂದಲೇ ಒರೆಸಿದಳು.

"ಯಾರ ಕೈಲೆ ಮಾಡ್ಯಾರ, ಎಂದ ಮಾಡ್ಯಾರ, ಒಂದೂ ಗೊತ್ತಿಲ್ಲ. ಬರೇ ನಂಬರ ನೋಡಿ ಹೆಂಗ ನಂಬೂದು?" ಎಂದಳು.

ಯಾರು ಅಟ್ಟಿದ್ದನ್ನು ಯಾರು ಉಣ್ಣಬೇಕೆಂದು ಹಿಂದಿನವರು ಪುಟಗಟ್ಟಲೆ ಬರೆದಿಟ್ಟಿದ್ದರು. ನಮ್ಮ ಶರಣರು ಆ ಕಟ್ಟಳೆಗಳನ್ನೆಲ್ಲ ತಳ್ಳಿಹಾಕಿದರು. ಆದರೂ ಊಟ ಯಾರ ಕೈಯದು ಎಂದು ಕೇಳುವ ಚಟ ನಮ್ಮನ್ನು ಬಿಟ್ಟಿಲ್ಲ. ಈಗ ಕೈ ಹೋಗಿ ನಂಬರು ಬಂದಿದೆ, ನಾವು ಆ ನಂಬರನ್ನೂ ಸುಟ್ಟುಕೊಂಡೆವು. ಕಂಪನಿ ತಪ್ಪೊಪ್ಪಿ ಮಾಲು ವಾಪಸು ಕರೆಯಿತಲ್ಲ, ಅದು ದೊಡ್ಡ ಮಾತೇ. ನಮ್ಮ ಬಜಾರಿನಲ್ಲಿ ಕೆಟ್ಟ ಬೆಲ್ಲವನ್ನು ವಾಪಸು ಒಯ್ದುಕೊಟ್ಟರೆ, ನೋಡಿ ತಗೋಬೇಕಿತ್ರಿ ಎಂದು ನಮಗೇ ಬುದ್ಧಿ ಹೇಳುತ್ತಾರೆ.

ಸಂಜೆಯಾದರೂ ಗೌರಿಗೆ ಏನೂ ಆಗಲಿಲ್ಲ. ಬದಲಿಗೆ ಹಸಿವಾಯಿತು. ಉಳಿದ ಡಬ್ಬಿಗಳನ್ನು ನಾನು ಹೊಂಡ ತೋಡಿ ಹೂಳಿಬಿಟ್ಟಿದ್ದೆ. ಹಾಲು-ರೊಟ್ಟಿ ಇಟ್ಟರೆ ಅದು ಮುಖ ತಿರುವಿತು. ಅಷ್ಟರಲ್ಲಿ ಮಣ್ಣೂರಿನ ಭೀಮಾಬಾಯಿ ಬುಟ್ಟಿ ಹೊತ್ತು ಓಣಿಯಲ್ಲಿ ಬಂದಳು. ಭೀಮಾ ಹೊಳೆಯ ಮೀನು ಮಾರುವಾಕೆ. ನಮ್ಮ ಓಣಿಯಲ್ಲಿ ಆಕೆ ಕೂಗುವುದಿಲ್ಲ, ಬುಟ್ಟಿಗೆ ಬಟ್ಟೆ ಮುಚ್ಚಿ ಸುಮ್ಮನೆ ನಡೆಯುತ್ತಾಳೆ. ಆಚೆಯ ಓಣಿಗೆ ಇದು ದಾರಿಯಷ್ಟೇ ಎಂದು ನಾವು ತಿಳಿದಿದ್ದೆವು.

ಅವ್ವ ಎದ್ದು ಹಣೆಯ ವಿಭೂತಿಯ ಸಮೇತ ಬಾಗಿಲಿಗೆ ಹೋಗಿ ನಿಂತಳು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡಿತು. ಅದನ್ನು ನೋಡಿಯೂ ಅವ್ವ ಭೀಮಾಬಾಯಿಯನ್ನು ಕರೆದಳು. ಬೈಗುಳಕ್ಕೆ ಸಿದ್ಧವಾದವಳಂತೆ ಆಕೆ ದೂರದಲ್ಲೇ ನಿಂತಳು.

"ಇದು ಎಂದ ಹಿಡದದ್ದಬೇ? ಯಾರು ಹಿಡದ್ರು?"

"ಇಂದ ಹಿಡದದ್ದರಿ ಅವ್ವಾರ. ನನ್ನ ಗಂಡನೇ ಹೊಳ್ಯಾಗ ಬಲೆ ಹಾಕ್ಯಾನ."

"ಹಂಗಾದ್ರ ಕೊಡು. ನಮ್ಮ ಬೆಕ್ಕಿಗಿ." ಅವ್ವನ ದನಿ ಕಿಟಕಿಯವರೆಗೂ ಮುಟ್ಟುವಷ್ಟಿತ್ತು.

ಭೀಮಾಬಾಯಿ ಬುಟ್ಟಿ ಇಳಿಸಿ, ಒಂದು ಸಣ್ಣ ಮೀನು ತೆಗೆದು, ನನ್ನ ಹಿಂದೆ ಬಾಲವೆತ್ತಿ ನಿಂತ ಗೌರಿಯನ್ನು ಬಹಳ ಹೊತ್ತು ನೋಡಿದಳು.

"ಬೆಕ್ಕಿಗಿ ಅಂತ ಹೇಳಿ ಈ ಓಣ್ಯಾಗ ಭಾಳ ಮಂದಿ ತಗೋತಾರ್ರಿ ಅವ್ವಾರ," ಎಂದಳು. "ಖರೇನ ಬೆಕ್ಕಿದ್ದ ಮನಿ ನಿಮ್ದೊಂದ ನೋಡ್ರಿ."

ಅವ್ವ ಎದುರು ಮನೆಯತ್ತ ನೋಡಿದಳು. ಕಿಟಕಿ ಮುಚ್ಚಿತ್ತು.