ಮೈಕಿನ ಹಿಂದಿನ ಕೌದಿ

ಲಿಂಗಸುಗೂರಿನ ಬೀಗತಿಯ ಕೌದಿಯನ್ನು ಮೊಮ್ಮಗಳು ಮೈಕಿನ ಹಿಂದೆ ಕಟ್ಟಿದ ದಿನ ನನಗೆ ಊಟ ಸೇರಲಿಲ್ಲ.

ಮೊಮ್ಮಗಳು ಅಂದರೆ ನನ್ನ ಮಗನ ಮಗಳು. ಬೀಗತಿ ಅಂದರೆ ಸೊಸೆಯ ತಾಯಿ. ಆ ಹುಡುಗಿಗೆ ಇಬ್ಬರೂ ಅಜ್ಜಿಯರೇ, ಆದರೆ ಎತ್ತಿ ಆಡಿಸಿದವಳು ನಾನು. ಸಿಂಧನೂರಿನ ಇದೇ ಮನೆಯಲ್ಲಿ ಹಳೆ ಸೀರೆ ಪದರಿಟ್ಟು ಹೊಲಿದ ನನ್ನ ಕೌದಿಯೊಳಗೆ ಅವಳು ಮಲಗಿ ಬೆಳೆದವಳು. ಈಗ ರಾಕ್ ಹಾಡು ಕಟ್ಟುತ್ತಾಳೆ, ಗಿಟಾರು ಬಾರಿಸುತ್ತಾಳೆ. ಅವಳ ಮೊದಲ ಆಲ್ಬಂ ಬಂದಿದೆ. ಓಣಿಯ ಮಂದಿಗೆಲ್ಲ ಫೋನಿನಲ್ಲಿ ಕೇಳಿಸಿಯಾಯಿತು, ಕಾಯಿಪಲ್ಲೆ ಮಾರುವವಳಿಗೆ ಎರಡು ಸಲ. ಹಿಗ್ಗು ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಮೂರನೆಯ ತರಗತಿ ಓದಿದ ನಾನು ಬರೆಯಲು ಕೂತದ್ದೂ ಅದಕ್ಕೇ.

ಆಲ್ಬಂ ಆದದ್ದು ನಮ್ಮ ಅಕ್ಕಿ ಕೋಣೆಯಲ್ಲಿ, ಅವಳು ಕಾಲೇಜಿನ ದಸರಾ ರಜೆಗೆ ಮನೆಗೆ ಬಂದಾಗ. ಅಕ್ಕಿ ಚೀಲ ತೆಗೆಸೋಣವೆಂದರೆ ಬೇಡವೆಂದಳು. ಮೂಲೆಯಲ್ಲಿ ಚೀಲಗಳಿದ್ದರೆ ದಪ್ಪ ಸದ್ದನ್ನು ಹೀರುತ್ತವಂತೆ. ಆಮೇಲೆ ಸಾಮಾನು ಬಂತು. ಒಂದು ಕೆಂಪು ಗಿಟಾರು, ಒಣಮೆಣಸಿನಕಾಯಿಯ ಬಣ್ಣ. ವೈರು ಹಚ್ಚದೆ ಮೀಟಿದರೆ ಸೊಳ್ಳೆ ಗುಂಯ್ ಅಂದಷ್ಟು. ಅದೇ ವೈರನ್ನು ಸ್ಪೀಕರಿನ ಪೆಟ್ಟಿಗೆಗೆ ಹಚ್ಚಿದರೆ ಭತ್ತ ಕೊಯ್ಯುವ ಮಷೀನು ನಡುಮನೆಗೆ ನುಗ್ಗಿದಂತೆ. ಕಾಲಲ್ಲಿ ಒತ್ತುವ ಕಬ್ಬಿಣದ ಡಬ್ಬಿಗಳು ಮೂರು. ಒಂದನ್ನು ಒತ್ತಿದರೆ ಸದ್ದು ಸೀರೆ ಹರಿದಂತೆ ಹರಿಯುತ್ತದೆ, ಇನ್ನೊಂದನ್ನು ಒತ್ತಿದರೆ ಬಾವಿಯೊಳಗಿಂದ ಯಾರೋ ಕರೆದಂತೆ ಬರುತ್ತದೆ. ಮೂರನೆಯದು ಏನು ಮಾಡುತ್ತದೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಒಂದು ಕಟ್ಟಿಗೆಯ ಪೊಳ್ಳು ಗಿಟಾರು, ಒಂದು ಮೈಕು, ಲ್ಯಾಪ್‌ಟಾಪು.

ಈ ಗಿಟಾರುಗಳ ಮೇಲೆ ನನಗೆ ಮೊದಲಿಂದ ಸಿಟ್ಟು. ಮೊಣಕಾಲಿಗೆ ಎಣ್ಣೆ ಹಚ್ಚೆಂದರೆ "ನಾಳೆ ಹಚ್ಚತೀನಿ ಅಜ್ಜಿ" ಅನ್ನುವವಳು, ಗಿಟಾರಿನ ಕಟ್ಟಿಗೆಗೆ ಮಾತ್ರ ಮೆತ್ತನೆ ಬಟ್ಟೆಯಿಂದ ಎಣ್ಣೆ ತಿಕ್ಕುತ್ತಿದ್ದಳು. ಹೋಗಲಿ, ಕಟ್ಟಿಗೆಯ ಜೊತೆ ಏನು ಜಗಳ ಎಂದು ಸುಮ್ಮನಿದ್ದೆ. ಬೀಗತಿಯ ಕೌದಿ ಬಂದ ಮೇಲೆ ಸುಮ್ಮನಿರಲಾಗಲಿಲ್ಲ.

ಮೊಮ್ಮಗಳು ಖಾಲಿ ಗೋಡೆಗಳ ನಡುವೆ ನಿಂತು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಗೋಡೆಗೆ ಬಡಿದು ತಿರುಗಿ ಬಂತು. "ಇದು ಬರಬಾರದು. ಕೌದಿ ಕೊಡು ಅಜ್ಜಿ" ಅಂದಳು. ಟ್ರಂಕಿನಿಂದ ನನ್ನವು ನಾಲ್ಕು ತೆಗೆದುಕೊಟ್ಟೆ. ಅದರಲ್ಲೊಂದು ನನ್ನ ಧಾರೆ ಸೀರೆಯದು. ಆದರೆ ಸೊಸೆ ಅಷ್ಟರೊಳಗೆ ತವರಿಗೆ ಫೋನು ಹಚ್ಚಿಬಿಟ್ಟಿದ್ದಳು. ಮರುದಿನವೇ ಲಿಂಗಸುಗೂರಿನ ಬಸ್ಸಿನಲ್ಲಿ ಬಂತು, ಹಾಸಿಗೆಯಷ್ಟು ದಪ್ಪದ ಒಂದೇ ಕೌದಿ. ಅದು ಮೈಕಿನ ಹಿಂದೆ ಏರಿತು. ನನ್ನವುಗಳಲ್ಲಿ ಎರಡು ಬಾಗಿಲಿಗೆ, ಒಂದು ಕಿಟಕಿಗೆ. ಧಾರೆ ಸೀರೆಯದು ಸ್ಪೀಕರ್ ಪೆಟ್ಟಿಗೆಯ ಕೆಳಗೆ, ನೆಲಕ್ಕೆ!

"ಯಾಕಬೇ, ನನ್ನವು ಮೈಕಿಗೆ ಬ್ಯಾಡೇನು?"

"ನಿನ್ನವು ತೆಳ್ಳಗ ಅದಾವ ಅಜ್ಜಿ. ಆ ಅಜ್ಜಿದು ನೋಡು, ಸದ್ದು ಹೋಗಿ ಅದರಾಗ ಮಲಗಿಬಿಡತೈತಿ."

"ಹೌದವಾ. ಆಕಿ ಕೌದಿ ಮ್ಯಾಲೆ ಆಕಿನೂ ಹಂಗ ಮಲಗತಾಳ, ಮಧ್ಯಾಹ್ನ ತನಕ."

ಮೊಮ್ಮಗಳು ನಕ್ಕಳು. ಕೌದಿ ಮಾತ್ರ ಕೆಳಗಿಳಿಯಲಿಲ್ಲ. ಅವಳ ಬಾಯಿಯ ಮಾತು ಮೊದಲು ಮುಟ್ಟುವುದು ಲಿಂಗಸುಗೂರಿನ ಬಟ್ಟೆಯನ್ನು ಎಂದು ನೆನೆದರೆ ಎದೆ ಉರಿಯುತ್ತಿತ್ತು.

ಅಷ್ಟರಲ್ಲಿ ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಹಬ್ಬದೊಳಗೆ ಮನೆಯ ಹಾಸಿಗೆ ಹೊದಿಕೆ ಎಲ್ಲ ನೀರು ಕಾಣಬೇಕು, ಒಂದು ಬಿಟ್ಟರೂ ಮನೆ ಮೈಲಿಗೆ. ಮೊಮ್ಮಗಳು ಒಂದು ಮುಂಜಾನೆ ಮಸ್ಕಿಗೆ ಹೋಗಿದ್ದಳು, ಗೆಳತಿಯಿಂದ ನಾಲ್ಕು ತಂತಿಯ ಬಾಸ್ ಗಿಟಾರು ತರಲು. ಹಬ್ಬದ ಮರುದಿನ ತಿರುಗಿ ಕೊಡುವ ಮಾತು. ಹೋಗುವಾಗ ನನಗೆ ಹೇಳಿದ್ದು, "ವೈರು ಮುಟ್ಟಬ್ಯಾಡ, ಗುಂಡಿ ತಿರುವಬ್ಯಾಡ, ಮೈಕ್ ಸರಿಸಬ್ಯಾಡ." ಕೌದಿ ಮುಟ್ಟಬೇಡವೆಂದು ಹೇಳಲಿಲ್ಲ. ಹೇಳಲು ಅವಳಿಗೂ ಹೊಳೆದಿರಲಿಕ್ಕಿಲ್ಲ.

ಐದೂ ಇಳಿಸಿದೆ. ಆಟೋದಲ್ಲಿ ಹೇರಿಕೊಂಡು ಕಾಲುವೆಗೆ ಹೋದೆ. ನನ್ನ ನಾಲ್ಕನ್ನು ಮೆಲ್ಲಗೆ ಒಗೆದೆ. ಬೀಗತಿಯದನ್ನು ಕಲ್ಲಿಗೆ ಎತ್ತಿ ಎತ್ತಿ ಬಡಿದೆ. ಸುಳ್ಳು ಯಾಕೆ ಹೇಳಲಿ, ಕೊಳೆಗಾಗಿ ಅಲ್ಲ. ಒಂದು ಬದಿಯ ಹೊಲಿಗೆ ಬಿಚ್ಚಿತು. ಒಳಗಿಂದ ಕರಿ ಕಂಬಳಿ ಹಣಕಿ ಹಾಕಿತು! ಇದೇನು ಇವಳ ಕೈಚಳಕ, ಎಂಟು ಸೀರೆಯ ಕೌದಿಯೆಂದು ಬೀಗುತ್ತಿದ್ದಳಲ್ಲ. ಕಾಲುವೆಯ ದಂಡೆಯಲ್ಲಿ ಒಬ್ಬಳೇ ನಕ್ಕೆ. ನೀರು ಕುಡಿದ ಕಂಬಳಿಯನ್ನು ಎತ್ತುವಾಗ ನಗು ಹೋಯಿತು, ದಾರಿಹೋಕರಿಬ್ಬರನ್ನು ಕರೆದು ಮೂವರು ಹಿಡಿಯಬೇಕಾಯಿತು.

ಮಧ್ಯಾಹ್ನ ಮೊಮ್ಮಗಳು ಬಂದಳು. ಕೋಣೆಯೊಳಗೆ ಒಂದು ಚಪ್ಪಾಳೆ ಕೇಳಿತು. ಆಮೇಲೆ ಕೂಗು.

"ಅಜ್ಜೀ! ಕೌದಿ ಎಲ್ಲ್ಯಾವು?"

"ಮಾಳಿಗಿ ಮ್ಯಾಲೆ ಒಣಗಾಕತ್ತಾವು. ಹಬ್ಬ ಐತಲ್ಲವಾ, ಒಗದೀನಿ."

"ಉಳಿದದ್ದು ಒಂದ ಹಾಡು, ಅದನ್ನ ಅರ್ಧ ಹಾಡೀನಿ ಅಜ್ಜಿ! ಇನ್ನರ್ಧ ಈ ಕೋಣ್ಯಾಗ ಹಾಡಿದ್ರ ಬ್ಯಾರೆ ಯಾರೋ ಹಾಡಿದಂಗ ಆಗತೈತಿ."

ಅವಳು ಅಕ್ಕಿ ಚೀಲದ ಮೇಲೆ ಕುಸಿದು ಕೂತಳು. ರಜೆ ಮುಗಿಯುವುದಕ್ಕೆ ಎರಡು ದಿನ, ಬಾಸ್ ಗಿಟಾರು ಹೋಗುವುದೂ ಆಗಲೇ. ಬೀಗತಿಯ ಕಂಬಳಿಯಿಂದ ಇನ್ನೂ ತೊಟತೊಟ ನೀರು ಸೋರುತ್ತಿತ್ತು. ನನ್ನ ಹೊಟ್ಟೆಕಿಚ್ಚು ಹೋಗಿ ಈ ಮಗುವಿನ ಹಾಡಿಗೆ ಹತ್ತಿತಲ್ಲ ಎಂದು ಮೊದಲ ಸಲ ಅಂಜಿದೆ.

ಸಂಜೆಗೆ ನನ್ನ ನಾಲ್ಕು ಒಣಗಿದವು, ತೆಳ್ಳಗಿದ್ದವಲ್ಲ! ಹೊತ್ತು ತಂದು ಅವಳ ಮುಂದೆ ಇಟ್ಟೆ. ಬೇರೆ ದಾರಿಯಿಲ್ಲದೆ ಮೈಕಿನ ಸುತ್ತ ನಾಲ್ಕನ್ನೂ ಕಟ್ಟಿದಳು, ಧಾರೆ ಸೀರೆಯದು ನಡುವೆ. ಚಪ್ಪಾಳೆ ತಟ್ಟಿದಳು. ತಲೆ ವಾರೆ ಮಾಡಿ ಕೇಳಿದಳು. ಇನ್ನೊಮ್ಮೆ ತಟ್ಟಿದಳು. ನಾನು ಹೊಸ್ತಿಲಲ್ಲಿ ನಿಂತಿದ್ದೆ.

"ಮೊದಲಿನಂಗ ಇಲ್ಲ" ಅಂದಳು. ಮೈಕಿನ ಮುಂದೆ ಒಂದು ಸಾಲು ಗುನುಗಿ, "ಆದ್ರ ದನಿ ಜೀವಂತ ಐತಿ. ಇದೊಂದು ಹಾಡು ಮೊದಲಿಂದ ಹಾಡತೀನಿ" ಅಂದಳು.

ಹಾಡಿದಳು. ಕೆಂಪು ಗಿಟಾರನ್ನು ಬದಿಗಿಟ್ಟು ಕಟ್ಟಿಗೆಯದನ್ನೇ ಹಿಡಿದು ಹಾಡಿದಳು. ನಾನು ಹೊರಗೆ ಕೂತು ಬಿಚ್ಚಿದ ಹೊಲಿಗೆಯನ್ನು ಹೊಲಿಯುತ್ತಿದ್ದೆ, ಒದ್ದೆ ಬಟ್ಟೆಯಲ್ಲಿ ಸೂಜಿ ಇಳಿಯುತ್ತಿರಲಿಲ್ಲ.

ಹಬ್ಬದ ದಿನ ಬನ್ನಿ ಎಲೆ ಕೊಡಲು ಬೀಗತಿ ಬಂದಳು. ಕೈಯಲ್ಲಿ ಬನ್ನಿ ಇಟ್ಟಳು, ನಕ್ಕಳು. ಕಣ್ಣು ಮಾತ್ರ ಹಗ್ಗದ ಮೇಲಿನ ಕೌದಿಯ ಕಡೆ.

"ಏನ್ರೀ ಬೀಗತಿ, ಈ ಹೊಲಿಗಿ ನಂದಲ್ಲ" ಅಂದಳು.

"ಬಿಚ್ಚಿತ್ರೀ, ಹೊಲದೀನಿ. ಒಳಗ ಕಂಬಳಿ ಚಲೋ ಬೆಚ್ಚಗಿತ್ತು ನೋಡ್ರಿ."

ಅವಳು ಸೆರಗು ಸರಿಮಾಡಿಕೊಂಡಳು. "ನಾ ಹಾಡಾಕ ಕಳಿಸಿದ್ನಿ, ಒಗ್ಯಾಕಲ್ಲ" ಅಂದಳು. ಮೊಮ್ಮಗಳು ಇಬ್ಬರಿಗೂ ಚಹಾ ಕೊಟ್ಟು ಓಡಿಹೋದಳು.

ಆಲ್ಬಮ್ಮಿನ ಕೊನೆಗೆ ಬಳಸಿದ ಸಾಮಾನಿನ ಪಟ್ಟಿ ಇದೆ. ಅಕ್ಷರ ಕೂಡಿಸಿ ಓದಿದೆ. ಗಿಟಾರು, ಬಾಸು, ಡಬ್ಬಿಗಳು, ಮೈಕು, ಎಲ್ಲದರ ಕೆಳಗೆ, "ಕೌದಿಗಳು: ಇಬ್ಬರು ಅಜ್ಜಿಯರವು." ಓದಿ ಕಣ್ಣು ತುಂಬಿತು. ಆಮೇಲೆ ಅನಿಸಿತು, ನನ್ನವು ನಾಲ್ಕಲ್ಲವೇ?

ನಿನ್ನೆ ಬೀಗತಿ ಫೋನು ಮಾಡಿದ್ದಳು. "ನಿಮ್ಮ ಕೌದ್ಯಾಗ ಹಾಡಿದ್ದು ಯಾವ ಹಾಡ್ರೀ?"

"ಐದನೇದ್ರೀ."

"ಹಾಂ, ಅದಕ್ಕ. ಅದೊಂದು ಸ್ವಲ್ಪ ಗದ್ದಲ ಅನಿಸ್ತು."

ಫೋನು ಇಟ್ಟೆ. ಮಸ್ಕಿಯ ಸಂತೆಯಿಂದ ತರಿಸಿದ ಕಂಬಳಿಗಳು ನನ್ನ ತೊಡೆಯ ಮೇಲಿವೆ. ಅವಳದರಲ್ಲಿ ಇರುವುದು ಒಂದು. ನಾನು ಎರಡು ಇಟ್ಟು ಹೊಸ ಕೌದಿ ಹೊಲಿಯುತ್ತಿದ್ದೇನೆ.